ಅಪ್ಪ ಮುಚ್ಚಿದ ಗುಂಡಿಯ ಪಕ್ಕದಲ್ಲೇ ನಾನು ತೋಡಿಸಿದ ಗುಂಡಿ

2022ರ ಮೇ ತಿಂಗಳಲ್ಲಿ ಅಡುಗೆ ಸಿಲಿಂಡರಿನ ಬೆಲೆ ಸಾವಿರ ರೂಪಾಯಿ ದಾಟಿತು. ಉಕ್ರೇನಿನ ಯುದ್ಧದಿಂದ ಕಚ್ಚಾ ತೈಲ ಬ್ಯಾರೆಲ್ಲಿಗೆ ನೂರು ಡಾಲರಿನ ಮೇಲಿತ್ತು. ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಸಮೀಪದ ನಮ್ಮ ಮನೆಯಲ್ಲಿ ಆರು ಜನ. ಒಂದು ಸಿಲಿಂಡರ್ ತಿಂಗಳು ಪೂರ್ತಿ ಬರುವುದೇ ಕಷ್ಟ. ದೇಶ ಬಳಸುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. ಕೊಟ್ಟಿಗೆಯಲ್ಲಿ ನಾಲ್ಕು ದನ ಕಟ್ಟಿಕೊಂಡು ಹಡಗಿನ ದಾರಿ ಕಾಯುವುದೇ ಎಂದು ನನಗೆ ಸಿಟ್ಟು ಬಂತು.

ಗೋಬರ್ ಗ್ಯಾಸ್ ನಮ್ಮ ಮನೆಗೆ ಹೊಸತೇನಲ್ಲ. ಎಂಬತ್ತರ ದಶಕದಲ್ಲಿ ಅಪ್ಪ ಕಬ್ಬಿಣದ ಡ್ರಮ್ ತೇಲುವ ಘಟಕ ಹಾಕಿಸಿದ್ದರು. ಡ್ರಮ್ಮಿಗೆ ತುಕ್ಕು ಹಿಡಿದು ತೂತು ಬೀಳುವ ಹೊತ್ತಿಗೆ ಸಿಲಿಂಡರ್ ಸಿಕ್ಕಿತು. ಗುಂಡಿಗೆ ಮಣ್ಣು ತುಂಬಿ ಬಾಳೆ ನೆಟ್ಟರು. "ಮತ್ತೆ ಅದೇ ಕೆಲಸವಾ?" ಎಂದರು ಅಮ್ಮ. ಆಗ ದಿನವೂ ಸೆಗಣಿ ಕದಡಿದವರು ಅವರೇ. ಈ ಸಲ ಆ ಕೆಲಸ ನನ್ನದು ಎಂದು ಒಪ್ಪಿಸಿದೆ.

ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಅಳತೆಯ ದೀನಬಂಧು ಮಾದರಿ ಆರಿಸಿಕೊಂಡೆ. ಅದು ನೆಲದೊಳಗಿನ ಇಟ್ಟಿಗೆಯ ಗುಮ್ಮಟ, ತುಕ್ಕಿನ ಚಿಂತೆ ಇಲ್ಲ. ಖರ್ಚು ಸುಮಾರು 48 ಸಾವಿರ ಬಿತ್ತು. ಮೊದಲ ಸಲ ತುಂಬಲು ಎರಡು ಟನ್ ಸೆಗಣಿ ಬೇಕಾಯಿತು. ಊರಿನ ಕೊಟ್ಟಿಗೆಗಳನ್ನೆಲ್ಲ ಸುತ್ತಿ ಟ್ರ್ಯಾಕ್ಟರಿನಲ್ಲಿ ತಂದೆವು. ಮೂರು ವಾರಕ್ಕೆ ಗ್ಯಾಸ್ ಬಂತು, ಆದರೆ ಕಡ್ಡಿ ಗೀರಿದರೆ ಹತ್ತಲಿಲ್ಲ. ಮೊದಲು ಬರುವುದು ಹೆಚ್ಚಾಗಿ ಗಾಳಿ ಮತ್ತು ಇಂಗಾಲದ ಡೈಆಕ್ಸೈಡ್, ಅದನ್ನು ಹೊರಗೆ ಬಿಟ್ಟುಬಿಡಬೇಕು. ಬಿಟ್ಟೆವು. ಆಮೇಲೂ ಒತ್ತಡ ನಿಲ್ಲಲಿಲ್ಲ. ಸಾಬೂನು ನೀರು ಹಚ್ಚಿ ನೋಡಿದರೆ ಗುಮ್ಮಟದಿಂದ ಪೈಪ್ ಹೊರಬರುವ ಜಾಗದಲ್ಲಿ ಗುಳ್ಳೆ! ಗಾರೆಯವರು ಅಲ್ಲಿ ಆತುರ ಮಾಡಿದ್ದರು. ಮತ್ತೆ ಬಗೆದು ಸಿಮೆಂಟ್ ಹಾಕಿಸಿದ್ದಾಯಿತು.

ಸಿಲಿಂಡರಿನ ಒಲೆ ಇದಕ್ಕೆ ಹೊಂದುವುದಿಲ್ಲ. ಈ ಗ್ಯಾಸಿನಲ್ಲಿ ಮೀಥೇನ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ, ಒತ್ತಡವೂ ಕಡಿಮೆ. ಆದ್ದರಿಂದ ಒಲೆಯೊಳಗೆ ಗ್ಯಾಸ್ ಬಿಡುವ ಜೆಟ್ಟಿನ ತೂತು ದೊಡ್ಡದಿರಬೇಕು. ಬೇರೆ ಒಲೆಯನ್ನೇ ತಂದೆ. ಮೊದಲ ಮಳೆಗಾಲದಲ್ಲಿ ಉರಿ ಹಾರಿ ಹಾರಿ ಆರುತ್ತಿತ್ತು. ಪೈಪಿನ ತಗ್ಗಿನಲ್ಲಿ ನೀರು ನಿಂತಿದೆ ಎಂದು ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು, ಅಮ್ಮನಿಗೆ ಉರಿಯ ಸದ್ದು ಕೇಳಿದ್ದೇ ಸಾಕಾಯಿತು.

ಸೆಗಣಿ ಒಂದು ಬುಟ್ಟಿಗೆ ನೀರೂ ಅಷ್ಟೇ. ಹುಲ್ಲಿನ ಎಸಳು ಹೆಕ್ಕದಿದ್ದರೆ ಒಳಗೆ ಮೇಲೆ ತೇಲಿ ದಪ್ಪ ಕೆನೆ ಕಟ್ಟುತ್ತದೆ, ಮರಳು ಹೋದರೆ ತಳ ಸೇರುತ್ತದೆ. ಒಮ್ಮೆ ಕೊಟ್ಟಿಗೆಗೆ ಫಿನಾಯಿಲ್ ಹಾಕಿ ತೊಳೆದ ನೀರು ಗುಂಡಿಗೆ ಹೋಯಿತು. ಗ್ಯಾಸು ಮಾಡುವ ಸೂಕ್ಷ್ಮಜೀವಿಗಳು ಸತ್ತವೋ ಸುಸ್ತಾದವೋ, ಎರಡು ವಾರ ಒಲೆ ಸರಿಯಾಗಿ ಹತ್ತಲಿಲ್ಲ.

ಪುಸ್ತಕದ ಲೆಕ್ಕದಲ್ಲಿ ಈ ಘಟಕಕ್ಕೆ ದಿನಕ್ಕೆ 50 ಕಿಲೋ ಸೆಗಣಿ ಬೇಕು. ನಮ್ಮ ದನ ಹಗಲು ಬೆಟ್ಟದಲ್ಲಿ ಮೇಯುತ್ತವೆ, ಸಿಗುವುದು ರಾತ್ರಿಯದ್ದು ಮಾತ್ರ, 35 ಕಿಲೋ ಆದರೆ ಹೆಚ್ಚು. ಅನ್ನ, ಸಾರು, ಕಾಫಿಗೆ ಸಾಕು. ನೆಂಟರು ಬಂದರೆ ಸಿಲಿಂಡರೇ ಗತಿ. ಈಗ ಒಂದು ಸಿಲಿಂಡರ್ ಐದು ತಿಂಗಳು ಬರುತ್ತದೆ. ಹಾಕಿದ ದುಡ್ಡು ಹುಟ್ಟಲು ಐದು ವರ್ಷ ಬೇಕು, ನನ್ನ ಕೂಲಿ ಹಿಡಿದರೆ ಹುಟ್ಟುವುದೇ ಇಲ್ಲ. ಗುಂಡಿಯಿಂದ ಹೊರಬರುವ ಬಗ್ಗಡ ಅಡಿಕೆ ತೋಟಕ್ಕೆ ಸಿಗದಿದ್ದರೆ ನಾನು ಇದನ್ನು ಯಾರಿಗೂ ಹೇಳುತ್ತಿರಲಿಲ್ಲ.

ತೈಲದಿಂದ ತಪ್ಪಿಸಿಕೊಂಡೆ ಎಂದು ಒಂದು ವರ್ಷ ಬೀಗಿದ್ದೆ. ಬೇಸಿಗೆಯಲ್ಲಿ ದನಕ್ಕೆ ಒಣಹುಲ್ಲು ಶಿಕಾರಿಪುರದ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಡೀಸೆಲ್ ಲೆಕ್ಕ ಹೇಳಿ ಲಾರಿಯವರು ಬಾಡಿಗೆ ಏರಿಸಿದ ದಿನ ಅಮ್ಮ ನನ್ನ ಮುಖ ನೋಡಿ ನಕ್ಕರು. ಕಳೆದ ವರ್ಷ ಅಪ್ಪನ ಹಳೆಯ ಗುಂಡಿಯ ಮೇಲಿನ ಬಾಳೆ ತೆಗೆದು ನೇಪಿಯರ್ ಹುಲ್ಲು ಹಚ್ಚಿ, ಬಗ್ಗಡ ಹಾಯಿಸುತ್ತಿದ್ದೇನೆ. ಈ ಸಲ ಎರಡು ಲೋಡಿನ ಬದಲು ಒಂದೇ ಲೋಡು ಹುಲ್ಲು ತರಿಸಿದೆ.