ಹಾರಾಟದ ದೂರ, ಸಮಯ: ಎಕ್ಸೆಲ್ ಹಾಳೆಯಲ್ಲೇ ಕೂಡಿಬಂದ ಲೆಕ್ಕ

ದುಬಾರಿ ಫ್ಲೈಟ್ ಪ್ಲಾನಿಂಗ್ ಸಾಫ್ಟ್‌ವೇರ್ ಇಲ್ಲದೆ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ, ಹಾರಾಟದ ಸಮಯ ಲೆಕ್ಕ ಹಾಕುವುದು ಆಗುವ ಕೆಲಸವಲ್ಲ ಎಂದವರೇ ಹೆಚ್ಚು. ಈಗ ನನ್ನ ಹಾಳೆಯ ಉತ್ತರ ವೇಳಾಪಟ್ಟಿಗಿಂತ ಹೆಚ್ಚೆಂದರೆ ಇಪ್ಪತ್ತು ನಿಮಿಷ ಆಚೀಚೆ. ಖರ್ಚು ಸೊನ್ನೆ, ಅಕ್ಷಾಂಶ, ರೇಖಾಂಶಗಳು ಅವರ್‌ಏರ್‌ಪೋರ್ಟ್ಸ್‌ನ (ವಿಮಾನ ನಿಲ್ದಾಣಗಳ ಮಾಹಿತಿ ತಾಣ) ಉಚಿತ ಕಡತದವು.

ಹ್ಯಾವರ್‌ಸೈನ್ ಸೂತ್ರ, ಅಂದರೆ ಗೋಳದ ಮೇಲಿನ ಎರಡು ಬಿಂದುಗಳ ದೂರ ಕೊಡುವ ಸೂತ್ರ, ಎಲ್ಲರಿಗೂ ಗೊತ್ತು. ಕೆಡುವುದು ಅಂಕಿ ತುಂಬುವಾಗ. 40 ಡಿಗ್ರಿ 38 ನಿಮಿಷವನ್ನು 40.38 ಎಂದು ಬರೆದರೆ ಅಲ್ಲೇ 28 ಕಿ.ಮೀ. ತಪ್ಪು. ಪಶ್ಚಿಮ ರೇಖಾಂಶಕ್ಕೆ ಮೈನಸ್ ಬಿಟ್ಟರಂತೂ ಊರೇ ಬೇರೆ. ತಾಳೆ ನೋಡಲು ಸಿಂಗಪುರ–ನ್ಯೂಯಾರ್ಕ್ ಜೆಎಫ್‌ಕೆ ಒಳ್ಳೆಯ ಜೋಡಿ: ರೇಖಾಂಶಗಳ ಅಂತರ ಸುಮಾರು 178 ಡಿಗ್ರಿ, ಹಾಗಾಗಿ ನೇರ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹೋಗುತ್ತದೆ. ಎರಡೂ ಕಡೆಯಿಂದ ಧ್ರುವಕ್ಕಿರುವ ಡಿಗ್ರಿ ಕೂಡಿಸಿ: 88.6 ಮತ್ತು 49.4, ಒಟ್ಟು 138. ಅದನ್ನು ಒಂದು ಡಿಗ್ರಿಯ 111.2 ಕಿ.ಮೀ.ನಿಂದ ಗುಣಿಸಿದರೆ 15,345 ಕಿ.ಮೀ. ಹಾಳೆ ಇದರ ಹತ್ತಿರ ಬರದಿದ್ದರೆ ಮೈನಸ್ ಬಿಟ್ಟಿದೆ, ಇಲ್ಲವೇ ಡಿಗ್ರಿಯನ್ನು ರೇಡಿಯನ್‌ಗೆ (ಎಕ್ಸೆಲ್ ಕೋನ ಓದುವ ಮಾನ) ಬದಲಿಸಲು ಮರೆತಿದೆ ಎಂದು ಅರ್ಥ.

ಜೆಎಫ್‌ಕೆ–ಲಂಡನ್ ಹೀಥ್ರೂಗೆ, ಭೂಮಿ ಪೂರ್ಣ ಗೋಳ ಎಂದುಕೊಂಡರೆ ಲೆಕ್ಕ 5,540 ಕಿ.ಮೀ., ಧ್ರುವಗಳಲ್ಲಿ ಚಪ್ಪಟೆಯಾದ ದೀರ್ಘವೃತ್ತದ ಆಕಾರ ಹಿಡಿದರೆ 5,555. ಸಮಯಕ್ಕೆ ಇದು ಒಂದು ನಿಮಿಷದ ಮಾತು. ದುಡ್ಡಿಗೆ ಹಾಗಲ್ಲ: ಯುರೋಪಿನ 261/2004 ನಿಯಮದಲ್ಲಿ ಹಾರಾಟ ರದ್ದಾದರೆ, ತೀರಾ ತಡವಾದರೆ ಪ್ರಯಾಣಿಕರಿಗೆ ಸಿಗುವ ಪರಿಹಾರ ನಿಂತಿರುವುದೇ ಈ ದೂರದ ಮೇಲೆ. ಯುರೋಪಿನ ಹೊರಗೆ ಹೋಗುವ ಹಾರಾಟಕ್ಕೆ 3,500 ಕಿ.ಮೀ. ದಾಟಿದರೆ 400 ಯೂರೋ 600 ಆಗುತ್ತದೆ. ಆ ಗಡಿಯಲ್ಲಿ ದೀರ್ಘವೃತ್ತದ ಲೆಕ್ಕ ಮಾಡುವ ವಿನ್ಸೆಂಟಿ ಸೂತ್ರವೇ ಬೇಕು. ಅದು ಭೂಮಿಯ ಎದುರುಬದುರು ತುದಿಗಳಿಗೆ ಮಾತ್ರ ಕೈಕೊಡುತ್ತದೆ, ಲೆಕ್ಕ ಸುತ್ತುತ್ತಲೇ ಇರುತ್ತದೆ.

ಸಮಯಕ್ಕೆ ಬರೋಣ. ದೂರಕ್ಕೆ ಶೇ. 4 ಸೇರಿಸುತ್ತೇನೆ; ಗೆರೆ ಹಿಡಿದಂತೆ ಯಾರೂ ಹಾರುವುದಿಲ್ಲ. 777, 787, ಎ350ಯಂಥ ದೊಡ್ಡ ವಿಮಾನಗಳಿಗೆ ಮ್ಯಾಕ್ (ಶಬ್ದದ ವೇಗಕ್ಕೆ ಹೋಲಿಸಿದ ಪಾಲು) 0.84–0.85, ಅಂದರೆ ಮೇಲಿನ ಚಳಿಯಲ್ಲಿ ಗಂಟೆಗೆ ಸುಮಾರು 900 ಕಿ.ಮೀ.; ಎ320ಗೆ 0.78, ಸುಮಾರು 830. ಟ್ಯಾಕ್ಸಿ, ಏರಿಕೆ, ಇಳಿಕೆಗೆ ಒಟ್ಟು 50 ನಿಮಿಷ. ಅಟ್ಲಾಂಟಿಕ್ ಮೇಲೆ ಗಾಳಿಗೆ 80 ಕಿ.ಮೀ. ಹಾಕಿದರೆ ಲಂಡನ್ನಿಗೆ 6 ಗಂಟೆ 45 ನಿಮಿಷ, ವಾಪಸ್ 7 ಗಂಟೆ 50. ಹೋಗಿಬರುವ ಗಾಳಿ ಒಂದಕ್ಕೊಂದು ವಜಾ ಆಗುತ್ತದೆ ಎಂದು ಸರಾಸರಿ ತೆಗೆಯಬೇಡಿ: ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ನಷ್ಟವೇ ಜಾಸ್ತಿ. ಬಿರುಗಾಳಿಯ ದಿನಗಳನ್ನೂ ಹಾಕಿ ನೋಡಿದೆ. 2020ರ ಫೆಬ್ರವರಿಯಲ್ಲಿ ಒಂದು 747 ಇದೇ ದಾರಿಯನ್ನು 4 ಗಂಟೆ 56 ನಿಮಿಷದಲ್ಲಿ ಮುಗಿಸಿತ್ತು. ಆ ಉತ್ತರ ಬರಲು ಗಾಳಿಯನ್ನು 80ಕ್ಕಿಂತ ಎಷ್ಟೋ ಪಟ್ಟು ಮೇಲೆ ಒಯ್ಯಬೇಕಾಯಿತು. ಅಂಥ ದಿನಗಳನ್ನು ಸರಾಸರಿಗೆ ಬೆರೆಸಬಾರದು. ತಿಂಗಳುವಾರು ಗಾಳಿಯ ಪಟ್ಟಿ ನನ್ನಲ್ಲೇ ಇರಲಿ. ಎರಡೂ ದಿಕ್ಕಿನ ವೇಳಾಪಟ್ಟಿಗಳ ವ್ಯತ್ಯಾಸದಿಂದ ಅದು ಹುಟ್ಟುತ್ತದೆ ಎಂಬಷ್ಟು ಸುಳಿವು ಸಾಕು.

ಆಕಾಶ ಮುಚ್ಚಿದಲ್ಲಿ ಶೇ. 4 ನಡೆಯುವುದಿಲ್ಲ. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೊ ಒಂಬತ್ತೂವರೆ ಗಂಟೆಯಿಂದ 13ಕ್ಕೆ ಏರಿತು. ಅಲ್ಲಿ ನಡುವಿನ ಬಿಂದುಗಳನ್ನು ಹಾಕಿ ತುಂಡುತುಂಡಾಗಿ ಕೂಡಿಸಿ.

ವೇಳಾಪಟ್ಟಿಯ ಜೊತೆ ತಾಳೆ ನೋಡುವ ಮುನ್ನ ಎಲ್ಲ ಸಮಯವನ್ನೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ತನ್ನಿ. ಮಾರ್ಚ್‌ನಲ್ಲಿ ಅಮೆರಿಕ ಗಡಿಯಾರವನ್ನು ಮೊದಲೇ ಮುಂದಿಡುವುದರಿಂದ ಕೆಲವು ವಾರ ನ್ಯೂಯಾರ್ಕ್–ಲಂಡನ್ ಅಂತರ 5 ಗಂಟೆಯಲ್ಲ, 4.