ಹೊಸ ಕೋವಿ, ಸುಟ್ಟ ಬಟ್ಟೆಯ ಚೂರುಗಳು

ಕೋವಿ ಕೈಸೇರಿದ ದಿನ ಮೊದಲು ಮಾಡಿದ ಕೆಲಸವೆಂದರೆ ಕಣ್ಣು ಮುಚ್ಚಿಕೊಂಡು ಅದನ್ನು ಹೆಗಲಿಗೇರಿಸಿದ್ದು. ಕೆನ್ನೆಯನ್ನು ಹಿಡಿಯ ಮರಕ್ಕೆ ಒರಗಿಸಿ ಕಣ್ಣು ತೆರೆದಾಗ, ಹಿಂದಿನ ಕಚ್ಚಿನ ನಟ್ಟನಡುವೆ ತುದಿಯ ಗುರಿಮಣಿ ತಾನಾಗಿ ಬಂದು ಕೂತಿತ್ತು. ಅಳತೆ ಕೊಟ್ಟು ಮಾಡಿಸಿದ ಕೋವಿಗೂ ಅಂಗಡಿಯಿಂದ ತಂದ ಕೋವಿಗೂ ಇರುವ ವ್ಯತ್ಯಾಸವೆಲ್ಲ ಇಲ್ಲಿದೆ. ಸಿದ್ಧ ಕೋವಿಗೆ ನಮ್ಮ ಕತ್ತು ಹೊಂದಿಕೊಳ್ಳಬೇಕು, ಮಾಡಿಸಿದ ಕೋವಿ ನಮ್ಮ ಕತ್ತಿಗೆ ಹೊಂದಿಕೊಳ್ಳುತ್ತದೆ. ಅಂಥ ಕೋವಿ ತಂತಾನೇ ಗುರಿ ಹೊಡೆಯುತ್ತದೆ ಎಂದು ಆ ಸಂಜೆ ನಂಬಿದ್ದೆ.

ಇದು ನಳಿಗೆಯ ಬಾಯಿಯಿಂದ ಮದ್ದು ತುಂಬುವ, ಕೇಪಿನಿಂದ, ಅಂದರೆ ಬಡಿದರೆ ಕಿಡಿ ಹಾರುವ ಪುಟ್ಟ ಲೋಹದ ಟೋಪಿಯಿಂದ, ಸಿಡಿಯುವ ಬೇಟೆ ಕೋವಿ. 54 ಕ್ಯಾಲಿಬರ್, ಅಂದರೆ ನಳಿಗೆಯ ಒಳ ಅಗಲ ಸುಮಾರು 13.7 ಮಿ.ಮೀ. ಚಕಮಕಿ ಕಲ್ಲಿನ ಕೋವಿಯ ಆಸೆ ಇತ್ತು. ಆದರೆ ಅದರ ಹೊರಗಿನ ಪುಟ್ಟ ಬಟ್ಟಲಲ್ಲಿ ಮದ್ದು ಭುಗಿಲೆದ್ದು ಒಳಗಿನ ಈಡಿಗೆ ಬೆಂಕಿ ತಲುಪುವ ಅರೆಗಳಿಗೆಯಲ್ಲಿ ನನ್ನ ಕೈ ಕದಲುತ್ತದೆ ಎನ್ನುವುದು ನನಗೆ ಗೊತ್ತು. ಹಾಗಾಗಿ ಕೇಪು. ನಳಿಗೆಯ ಒಳಗಿನ ಸುರುಳಿ ತೋಡುಗಳನ್ನು 66 ಅಂಗುಲಕ್ಕೆ ಒಂದು ಸುತ್ತು ಬರುವಂತೆ ಕೊರೆಸಿದೆ. ಆಧುನಿಕ ರೈಫಲ್ ಬಳಸುವವರಿಗೆ ಇದು ಸುತ್ತೇ ಅಲ್ಲ ಎನಿಸಬಹುದು. ಉದ್ದನೆಯ ಗುಂಡಿಗೆ 28 ಅಂಗುಲಕ್ಕೊಂದು ಸುತ್ತು ಬೇಕಾಗುತ್ತದೆ. ಗೋಲಿಯಂಥ ಸೀಸದ ಉಂಡೆಗೆ ಅಷ್ಟು ಬೇಡ, ನಿಧಾನ ಸುತ್ತಿನಲ್ಲೇ ಅದು ನೆಟ್ಟಗೆ ಹೋಗುತ್ತದೆ.

ಮೊದಲ ದಿನ ಗುರಿ ಮೈದಾನದಲ್ಲಿ ಕೋವಿಯ ಕುದುರೆ ಎಳೆದರೆ ಕೇಪು ಮಾತ್ರ ಚಟ್ಟೆಂದಿತು, ಈಡು ಹಾರಲಿಲ್ಲ. ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಪೂರ್ತಿ ಎಣಿಸಿದೆ. ತಡವಾಗಿ ಸಿಡಿಯುವ ಈಡೂ ಇರುತ್ತದೆ, ಅಂಥ ಹೊತ್ತಿನಲ್ಲಿ ಬಗ್ಗಿ ನೋಡುವವರ ಕತೆ ಹೇಳಬೇಕಾಗಿಲ್ಲ. ಕಾರಣ ಸರಳವಾಗಿತ್ತು. ಹೊಸ ನಳಿಗೆಗೆ ತುಕ್ಕು ಹಿಡಿಯದಿರಲೆಂದು ಬಳಿದಿದ್ದ ಎಣ್ಣೆ ಬುಡಕ್ಕಿಳಿದು ಕೇಪಿನ ಕಿಡಿ ಹೋಗುವ ದಾರಿಯಲ್ಲಿ ನಿಂತಿತ್ತು. ಈಗ ತುಂಬುವ ಮೊದಲು ಒಣ ಬಟ್ಟೆಯಿಂದ ಒಳಗನ್ನು ಒರೆಸಿ, ಖಾಲಿ ಕೋವಿಯಲ್ಲೇ ಎರಡು ಕೇಪು ಸಿಡಿಸುತ್ತೇನೆ. ಬಾಯಿಯ ಮುಂದೆ ಹುಲ್ಲೆಸಳೊಂದು ಅಲುಗಿದರೆ ದಾರಿ ತೆರೆದಿದೆ ಎಂದರ್ಥ.

ಆಮೇಲೆ ಈಡು ಹಾರತೊಡಗಿತು. ಹಾರಿದ್ದು ಎಲ್ಲಿಗೆ ಎನ್ನುವುದೇ ತೊಂದರೆ. 50 ಮೀಟರ್ ದೂರದ ಕಾಗದದ ಮೇಲೆ ಐದು ಗುಂಡು ಒಂದೂವರೆ ಗೇಣು ಅಗಲಕ್ಕೆ ಚೆದುರಿದ್ದವು. ಮದ್ದನ್ನು 60 ಗ್ರೇನಿನಿಂದ (ಗ್ರೇನ್ ಎಂದರೆ ಮದ್ದಿನ ಅಳತೆಯ ಸಣ್ಣ ಮಾನ) ಐದೈದೇ ಏರಿಸುತ್ತ, ಮಾಡಿಕೊಟ್ಟವರು ಹೇಳಿದ ಮಿತಿಯೊಳಗೇ 80ರವರೆಗೆ ಹೋದೆ. ಕರಿಮದ್ದನ್ನು ಅಳೆಯುವುದು ತೂಕದಿಂದಲ್ಲ, ಅಳತೆ ಕೊಳವೆಯಿಂದ. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಎಂದೂ ಸುರಿಯಬಾರದು. ಹಿಂದಿನ ಈಡಿನ ಕೆಂಡ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಕೊಂಬೇ ಸಿಡಿಯುತ್ತದೆ. ಹೊಸ ಕಾಲದ ಹೊಗೆರಹಿತ ಮದ್ದಂತೂ ಈ ನಳಿಗೆಯ ಹತ್ತಿರವೂ ಸುಳಿಯಬಾರದು. ಅದರ ಒತ್ತಡ ತಾಳುವಂತೆ ಇದನ್ನು ಮಾಡಿಲ್ಲ.

ಏರಿಸಿದರೂ ಇಳಿಸಿದರೂ ಚೆದುರುವುದು ನಿಲ್ಲಲಿಲ್ಲ. ಎರಡು ವಾರ ನಳಿಗೆಯನ್ನು ಬೈದೆ, ಮೂರನೆಯ ವಾರ ಅದನ್ನು ಕೊರೆದವರನ್ನು ಮನಸ್ಸಿನಲ್ಲೇ ಬೈದೆ. ಕೊನೆಗೆ ದೂರವಾಣಿಯಲ್ಲಿ ಅವರ ಮುಂದೆಯೇ ನನ್ನ ಅಸಮಾಧಾನ ತೋಡಿಕೊಂಡಾಗ, ಅವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಬಟ್ಟೆ ಚೂರುಗಳನ್ನು ಆರಿಸಿಕೊಂಡು ಬಂದಿದ್ದೀರಾ?"

ಇಲ್ಲ. ಅದು ಆರಿಸುವ ವಸ್ತು ಎನ್ನುವುದೇ ಹೊಳೆದಿರಲಿಲ್ಲ.

ಈ ಕೋವಿಯಲ್ಲಿ ಉಂಡೆ ನಳಿಗೆಗಿಂತ ಸ್ವಲ್ಪ ಸಣ್ಣದಿರುತ್ತದೆ. ಎಣ್ಣೆ ಹಚ್ಚಿದ ದುಂಡನೆಯ ಬಟ್ಟೆ ಚೂರಿನಲ್ಲಿ ಸುತ್ತಿ ಅದನ್ನು ಗಜದಿಂದ, ಅಂದರೆ ಉದ್ದನೆಯ ಕೋಲಿನಿಂದ, ಕೆಳಗಿಳಿಸುತ್ತೇವೆ. ತೋಡುಗಳನ್ನು ಹಿಡಿದುಕೊಂಡು ಉಂಡೆಯನ್ನು ತಿರುಗಿಸುವುದು ಬಟ್ಟೆ, ಹಿಂದಿನಿಂದ ಬರುವ ಬೆಂಕಿಯನ್ನು ತಡೆಯುವುದೂ ಬಟ್ಟೆಯೇ. ಬಾಯಿಯಿಂದ ಹೊರಬಿದ್ದ ಮೇಲೆ ಅದು ಉಂಡೆಯನ್ನು ಬಿಟ್ಟು ಕೆಲವು ಮೀಟರ್ ದೂರದಲ್ಲಿ ಬೀಳುತ್ತದೆ. ಮರುದಿನ ಐದು ಈಡು ಹಾರಿಸಿ, ಮೈದಾನ ತೆರವಾದ ಮೇಲೆ ಹುಲ್ಲಿನಲ್ಲಿ ಮಂಡಿಯೂರಿ ಹುಡುಕಿದೆ. ನಾಲ್ಕು ಸಿಕ್ಕವು. ಇರಬೇಕಾದದ್ದು ನಡುವೆ ಉಂಡೆ ಕೂತಿದ್ದ ಗುರುತು, ಸುತ್ತ ಮಸಿಯ ಬಳೆ, ಅಂಚು ಸ್ವಲ್ಪ ಎಳೆಬಿಟ್ಟ ಇಡೀ ಬಟ್ಟೆ. ನನ್ನ ಕೈಯಲ್ಲಿದ್ದದ್ದು ಬೇರೆಯೇ. ಮಸಿಯ ಬಳೆಯುದ್ದಕ್ಕೂ ಬ್ಲೇಡಿನಿಂದ ಗೀರಿದಂತೆ ಸೀಳುಗಳು, ಸಮ ಅಂತರದಲ್ಲಿ. ಎಣಿಸಿದರೆ ಏಳು. ನಳಿಗೆಯ ತೋಡುಗಳೂ ಏಳು. ಅವುಗಳ ನಡುವಿನ ಏಣುಗಳೂ ಏಳೇ. ಸೀಳಿನ ಪಕ್ಕದಲ್ಲಿ ಬಟ್ಟೆ ಕರಕಲಾಗಿ, ಬೆರಳು ತಾಗಿದರೆ ಪುಡಿಯಾಗುತ್ತಿತ್ತು.

ದೋಷ ಎರಡಿತ್ತು. ಮೊದಲನೆಯದು, ಹೊಸದಾಗಿ ಕೊರೆದ ಏಣುಗಳ ಅಂಚು ಬಾಯಿಯ ಬಳಿ ಚೂಪಾಗಿತ್ತು. ಉಂಡೆಯನ್ನು ಒಳಗೆ ಒತ್ತುವಾಗಲೇ ಬಟ್ಟೆ ಕತ್ತರಿಸಿಹೋಗುತ್ತಿತ್ತು. ಇದಕ್ಕೆ ಪರಿಹಾರ ನಯವಾದ ಉಜ್ಜುಕಾಗದ ಮತ್ತು ಹೆಬ್ಬೆರಳು. ನಳಿಗೆಯೊಳಗೆ ಪುಡಿ ಇಳಿಯದಂತೆ ಬಟ್ಟೆ ತುರುಕಿ, ಬಾಯಿಯ ಮೇಲೆ ಕಾಗದವಿಟ್ಟು ಹೆಬ್ಬೆರಳನ್ನು ಒತ್ತಿ ತಿರುಗಿಸುತ್ತಾ ಹೋದೆ, ಕೋವಿಯನ್ನೂ ಆಗಾಗ ಕಾಲು ಸುತ್ತು ತಿರುಗಿಸುತ್ತಾ. ಹೆಬ್ಬೆರಳಿನ ಮೆತ್ತನೆಯ ಮಾಂಸ ತಾನಾಗಿ ದುಂಡಗೆ ಕೂರುವುದರಿಂದ ಒಂದು ಕಡೆ ಹೆಚ್ಚು ಸವೆಯುವ ಭಯ ಕಡಿಮೆ. ಅರ್ಧ ಗಂಟೆ ಬೇಕಾಯಿತು. ಮೊದಲು ಹತ್ತಿಯ ಎಳೆ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು, ಕೊನೆಗೆ ಜಾರಿಹೋಯಿತು. ಅಲ್ಲಿಗೆ ನಿಲ್ಲಿಸಿದೆ.

ಎರಡನೆಯದು ನನ್ನದೇ ತಪ್ಪು, ಕೂಡುವ ಕಳೆಯುವ ಲೆಕ್ಕದ್ದು. ಉಂಡೆಯ ಅಗಲ 13.46 ಮಿ.ಮೀ. ತೋಡು ಒಂದೊಂದೂ 0.3 ಮಿ.ಮೀ. ಆಳ. ಅಂದರೆ ತೋಡಿನ ತಳದಿಂದ ತಳಕ್ಕೆ 14.3 ಮಿ.ಮೀ. ನಾನು ಬಳಸುತ್ತಿದ್ದ ಬಟ್ಟೆ ಅಂಗಿಯಷ್ಟು ತೆಳು, 0.25 ಮಿ.ಮೀ. ಎರಡೂ ಬದಿ ಸೇರಿಸಿದರೂ 13.96 ಆಗುತ್ತದೆಯೇ ಹೊರತು ತೋಡು ತುಂಬುವುದಿಲ್ಲ. ಉಳಿದ ಸಂದಿನಲ್ಲಿ ಬೆಂಕಿ ನುಗ್ಗಿ ಬಟ್ಟೆಯನ್ನು ಸುಡುತ್ತಿತ್ತು. ಗಜ ಸಲೀಸಾಗಿ ಇಳಿಯುತ್ತದೆ ಎಂದು ಹಿಗ್ಗುತ್ತಿದ್ದೆನಲ್ಲ, ಅದೇ ರೋಗದ ಲಕ್ಷಣವಾಗಿತ್ತು.

ದಿಂಬಿನ ಒಳಚೀಲಕ್ಕೆ ಬಳಸುವಂಥ ಒತ್ತು ನೇಯ್ಗೆಯ ಹತ್ತಿ ಬಟ್ಟೆಯನ್ನು ಹುಡುಕಿ ತಂದೆ. ಅಳತೆ ಉಪಕರಣದಲ್ಲಿ 0.45 ಮಿ.ಮೀ. ಬಂತು. ಎರಡು ಸಲ ಬಿಸಿನೀರಿನಲ್ಲಿ ಗಂಜಿ ಹೋಗುವಂತೆ ಒಗೆದೆ, ಏಕೆಂದರೆ ಗಂಜಿ ಇದ್ದರೆ ಬಟ್ಟೆ ಎಣ್ಣೆ ಹೀರುವುದಿಲ್ಲ. ಪಾಲಿಯೆಸ್ಟರ್ ಬೆರೆತ ಬಟ್ಟೆ ಬೇಡವೇ ಬೇಡ, ಅದು ಕರಗಿ ನಳಿಗೆಗೆ ಅಂಟುತ್ತದೆ. ಹಚ್ಚಲು ಜೇನುಮೇಣ ಮತ್ತು ಆಲಿವ್ ಎಣ್ಣೆಯ ಮಿಶ್ರಣ. ಯಂತ್ರಕ್ಕೆ ಹಾಕುವ ಎಣ್ಣೆ ಕರಿಮದ್ದಿನ ಮಸಿಯೊಂದಿಗೆ ಸೇರಿ ಡಾಂಬರಿನಂತಾಗುತ್ತದೆ.

ಈಗ ಉಂಡೆ ಬಿಗಿಯಾಗಿ ಇಳಿಯುತ್ತದೆ. ಒಮ್ಮೆ ಮದ್ದು ಹಾಕುವುದನ್ನೇ ಮರೆತು ಉಂಡೆ ಇಳಿಸಿದ್ದೆ. ಈ ಕೋವಿ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಮಾಡುತ್ತಾರೆ, ಮಾಡಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಗಜದ ತುದಿಗೆ ತಿರುಪು ಹಾಕಿ ಎಳೆದು ತೆಗೆದ ಆ ಸೀಸದ ಉಂಡೆಯ ಮೇಲೆ ಬಟ್ಟೆಯ ನೇಯ್ಗೆ, ಹಾಸು ಹೊಕ್ಕು ಎರಡೂ, ಅಚ್ಚೊತ್ತಿತ್ತು. ಬಿಗಿತ ಸರಿಯಾಗಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಬಿಗಿ ಹೆಚ್ಚಾದಾಗ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಉಂಡೆ ನಡುದಾರಿಯಲ್ಲಿ ನಿಂತು, ಮದ್ದಿಗೂ ಅದಕ್ಕೂ ನಡುವೆ ಖಾಲಿ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಅದಕ್ಕೇ ಗಜದ ಮೇಲೆ ಎರಡು ಗೀರು ಹಾಕಿದ್ದೇನೆ. ಒಂದು ಖಾಲಿ ನಳಿಗೆಯದು, ಇನ್ನೊಂದು ಪೂರ್ತಿ ಈಡಿನದು. ಎರಡನೆಯ ಗೀರು ಬಾಯಿಗೆ ಸಮವಾಗಿ ಬರುವವರೆಗೆ ಕೇಪಿನ ಡಬ್ಬಿ ಮುಟ್ಟುವುದಿಲ್ಲ. ಪ್ರತಿ ಈಡಿನ ನಡುವೆ ಒದ್ದೆ ಬಟ್ಟೆಯಿಂದೊಮ್ಮೆ, ಒಣ ಬಟ್ಟೆಯಿಂದೊಮ್ಮೆ ಒರೆಸುತ್ತೇನೆ.

ಐದು ಗುಂಡುಗಳು ಅಂಗೈಯೊಳಗೆ ಬಂದವು. ಬಟ್ಟೆ ಚೂರುಗಳು ಇಡಿಯಾಗಿ ಸಿಕ್ಕವು, ಎರಡನ್ನು ಮತ್ತೆ ಬಳಸಬಹುದೇನೋ ಎನ್ನುವಂತಿದ್ದವು. ಆದರೆ ಅಷ್ಟೂ ಗುಂಡು 8 ಸೆಂ.ಮೀ. ಕೆಳಗೆ ಬಿದ್ದಿದ್ದವು. ಮಾಡುವವರು ಗುರಿಮಣಿಯನ್ನು ಬೇಕೆಂದೇ ಎತ್ತರ ಬಿಟ್ಟಿರುತ್ತಾರೆ, ಅರದಿಂದ ತಗ್ಗಿಸಿದರೆ ಗುಂಡು ಮೇಲೇರುತ್ತದೆ. ನನ್ನ ಕೋವಿಯಲ್ಲಿ ಹಿಂದಿನ ಕಚ್ಚಿಗೂ ತುದಿಯ ಗುರಿಮಣಿಗೂ ನಡುವೆ 70 ಸೆಂ.ಮೀ. ಇದೆ. 50 ಮೀಟರಿಗೆ ಲೆಕ್ಕ ಹಾಕಿದರೆ ಸುಮಾರು 1.1 ಮಿ.ಮೀ. ತೆಗೆಯಬೇಕು. ಮೊದಲು ಅರ್ಧ ಮಿ.ಮೀ. ತೆಗೆದು ಹಾರಿಸಿ ನೋಡಿದೆ. ಆಮೇಲೆ ಎರಡೆರಡೇ ಎಳೆತ. ತೆಗೆದ ಲೋಹ ಮತ್ತೆ ಅಂಟುವುದಿಲ್ಲವಲ್ಲ. ಮದ್ದು, ಬಟ್ಟೆ, ಉಂಡೆ ಮೂರೂ ನಿಶ್ಚಯವಾಗುವ ಮೊದಲೇ ಅರ ಹಿಡಿದಿದ್ದರೆ ಈಗ ಹೊಸ ಗುರಿಮಣಿ ಹುಡುಕುತ್ತಿದ್ದೆ.

ಪ್ರತಿ ಸಲ ಮೈದಾನದಿಂದ ಬಂದ ಸಂಜೆಯೇ ಬಿಸಿ ಸಾಬೂನು ನೀರಿನಲ್ಲಿ ನಳಿಗೆ ತೊಳೆಯುತ್ತೇನೆ. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ, ನಾಳೆ ತೊಳೆದರಾಯಿತು ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಒಂದು ಕೆಲಸ ಉಳಿದಿತ್ತು. ಬೇಟೆಯಲ್ಲಿ ಸಿಗುವುದು ಒಂದೇ ಈಡು, ಅದೂ ತಣ್ಣಗಿನ, ತೊಳೆದ ನಳಿಗೆಯಿಂದ. ಮೈದಾನದಲ್ಲಿ ನಾನು ನೋಡಿದ ಅಂಗೈಯಗಲದ ಗುಂಪು ಆಗಲೇ ಈಡು ಹಾರಿಸಿ, ಒರೆಸಿ, ಮತ್ತೆ ಹಾರಿಸಿದ ನಳಿಗೆಯದು. ಹಾಗಾಗಿ ಒಂದೇ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡು, ಏಳು ಬೇರೆ ಬೇರೆ ಬೆಳಗ್ಗೆ ಹೋಗಿ, ಎಣ್ಣೆ ಒರೆಸಿ, ಕೇಪು ಸಿಡಿಸಿ, ದಿನದ ಮೊದಲ ಈಡನ್ನು ಮಾತ್ರ ಅದರ ಮೇಲೆ ಹಾರಿಸಿದೆ. ಮೊದಲ ಬೆಳಗಿನ ಗುಂಡು ನಾಲ್ಕು ಬೆರಳು ಮೇಲೆ ಹೋಯಿತು. ಎಣ್ಣೆಯನ್ನು ಇನ್ನೂ ಒಣಗುವಂತೆ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಲು ಕಲಿತ ಮೇಲೆ ಉಳಿದ ಆರೂ ನಡುವಿನ ಕಪ್ಪು ವೃತ್ತದೊಳಗೆ ಬಿದ್ದವು. ಪ್ರತಿ ತೂತಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದೇನೆ. ಕೋವಿ ಮಾಡಿಕೊಟ್ಟವರಿಗೆ ಕಳಿಸಿದ್ದು ಆ ಕಾಗದದ ಚಿತ್ರವನ್ನಲ್ಲ, ಅದರ ಜೊತೆ ಆರಿಸಿದ್ದ ಏಳು ಬಟ್ಟೆ ಚೂರುಗಳನ್ನು, ಲಕೋಟೆಯಲ್ಲಿ ಹಾಕಿ.