ಟ್ರಿಗರ್ ಪಾಠದಲ್ಲಿ ಪಾಸ್‌ವರ್ಡ್‌ಗೇನು ಕೆಲಸ?

ಡೇಟಾಬೇಸ್ ಕೈಪಿಡಿ ಬರೆಯುವುದು ನನ್ನ ಕೆಲಸ. ಟ್ರಿಗರ್ (ಟೇಬಲ್ ಬದಲಾದಾಗ ತಾನಾಗಿ ಓಡುವ ಕೋಡ್) ವಿವರಿಸುವ ಪುಟದಲ್ಲಿ ಒಮ್ಮೆ ಯೂಸರ್ ಟೇಬಲ್ ಮಾಡಿ, ಪಾಸ್‌ವರ್ಡ್ ಕಾಲಂಗೆ 32 ಅಕ್ಷರ ಇಟ್ಟು, ಎಂಡಿ5 ಹ್ಯಾಶ್ (ಪಠ್ಯವನ್ನು 32 ಅಕ್ಷರದ ಗುರುತಾಗಿ ಬದಲಿಸುವ ವಿಧಾನ) ಹಾಕಿ ಸಾಲು ಸೇರಿಸಿದ್ದೆ. ಸುಮ್ನೆ ಉದಾಹರಣೆ ತಾನೇ ಅಂತ. ‘ನಿಜವಾದ ಕೆಲಸಕ್ಕೆ ಬಳಸಬೇಡಿ’ ಎಂದು ಕೆಳಗೆ ಬರೆದೂ ಇದ್ದೆ. ಕೆಲವು ತಿಂಗಳ ಮೇಲೆ ಬೇರೊಂದು ತಂಡದ ಕೋಡ್ ನೋಡಿದರೆ ಅದೇ ಟೇಬಲ್, ಅದೇ 32 ಅಕ್ಷರ! ಎಚ್ಚರಿಕೆಯ ಸಾಲನ್ನು ಯಾರು ಕಾಪಿ ಮಾಡುತ್ತಾರೆ, ಅಲ್ವಾ?

ಎಂಡಿ5 ಜಾಗಕ್ಕೆ ಶಾ-256 ಎಂಬ ಇನ್ನೊಂದು ಹ್ಯಾಶ್ ಹಾಕಿ ಕೈ ತೊಳೆದುಕೊಂಡೆ. ಅದೂ ತಪ್ಪೇ. ಎರಡು ಫೈಲ್‌ಗೆ ಒಂದೇ ಹ್ಯಾಶ್ ಬರಿಸಬಹುದು ಅನ್ನುವುದು ಎಂಡಿ5ನ ಒಂದು ತೊಂದರೆ, ಆದರೆ ಅದು ಬೇರೆ ವಿಷಯ. ಪಾಸ್‌ವರ್ಡ್ ವಿಷಯದಲ್ಲಿ ಕಾಡುವುದು ವೇಗ. ಶಾ-256 ಕೂಡ ವೇಗವಾಗೇ ಓಡುತ್ತದೆ. ಹ್ಯಾಶ್ ಕದ್ದವನು ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಸೆಕೆಂಡಿಗೆ ಕೋಟಿಗಟ್ಟಲೆ ಊಹೆ ಪರೀಕ್ಷಿಸಬಹುದು. ಸಾಲ್ಟ್ (ಪ್ರತಿ ಪಾಸ್‌ವರ್ಡ್‌ಗೂ ಬೆರೆಸುವ ಬೇರೆ ಬೇರೆ ಯಾದೃಚ್ಛಿಕ ಅಕ್ಷರಗಳು) ಇಲ್ಲದಿದ್ದರೆ ಒಂದೇ ಪಾಸ್‌ವರ್ಡ್ ಇಟ್ಟವರೆಲ್ಲರ ಹ್ಯಾಶ್ ಕೂಡ ಒಂದೇ.

ಆಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪಿಜಿಕ್ರಿಪ್ಟೊ ಎಂಬ ಎಕ್ಸ್‌ಟೆನ್ಶನ್ ಹಿಡಿದೆ. ಅದರಲ್ಲಿ ಬಿಕ್ರಿಪ್ಟ್ (ಬೇಕೆಂದೇ ನಿಧಾನವಾಗಿ ಓಡುವ ಹ್ಯಾಶ್) ಮಾಡಬಹುದು, ಆದರೆ ಎಷ್ಟು ನಿಧಾನ ಎಂದು ಹೇಳುವ ಕಾಸ್ಟ್ ಕೊಡದಿದ್ದರೆ 6 ಆಗುತ್ತದೆ. ಈಗಿನ ಕಾಲಕ್ಕೆ ಅದು ತೀರಾ ಕಡಿಮೆ. ಅದಕ್ಕಿಂತ ದೊಡ್ಡ ತಲೆನೋವು ಬೇರೆಯೇ ಇತ್ತು. ಪಾಸ್‌ವರ್ಡ್ ಇದ್ದ ಹಾಗೇ ಕ್ವೆರಿಯಲ್ಲಿ, ಅಂದರೆ ಡೇಟಾಬೇಸ್‌ಗೆ ಕೊಡುವ ಆದೇಶದಲ್ಲಿ, ಸರ್ವರ್‌ಗೆ ಹೋಗುತ್ತದೆ. ಕ್ವೆರಿ ಲಾಗ್ ಆನ್ ಇದ್ದರೆ ಫೈಲ್‌ನಲ್ಲೂ ಕೂರುತ್ತದೆ.

ಆಗ ಇಡೀ ಕೈಪಿಡಿ ಹುಡುಕಿದೆ. ಪಾಸ್‌ವರ್ಡ್ ಕಾಲಂ ಇದ್ದ ಉದಾಹರಣೆ ಹನ್ನೊಂದು. ಪಾಸ್‌ವರ್ಡ್ ಬಗ್ಗೆಯೇ ಇದ್ದದ್ದು ಎರಡೇ! ಉಳಿದ ಒಂಬತ್ತರಲ್ಲಿ ಅದು ಬರೀ ಅಭ್ಯಾಸಬಲದಿಂದ ಬಂದಿತ್ತು. ಅಲ್ಲೆಲ್ಲ ಯೂಸರ್ ಟೇಬಲ್ಲನ್ನೇ ತೆಗೆದು ಆರ್ಡರ್, ದಾಸ್ತಾನು ಟೇಬಲ್ ಇಟ್ಟೆ. ಎಂಡಿ5 ಫಂಕ್ಷನ್ ಪರಿಚಯಿಸುವ ಪುಟದಲ್ಲಿ, ಉದ್ದದ ಪಠ್ಯ ಬದಲಾಗಿದೆಯೇ ಎಂದು ಪತ್ತೆ ಮಾಡುವ ಉದಾಹರಣೆ ಕೊಟ್ಟೆ.

ಉಳಿದ ಎರಡರಲ್ಲಿ ಹ್ಯಾಶ್ ಮಾಡುವುದು ಅಪ್ಲಿಕೇಶನ್, ಬಿಕ್ರಿಪ್ಟ್‌ನಂತೆಯೇ ನಿಧಾನವಾದ ಆರ್ಗಾನ್2 ಹ್ಯಾಶ್‌ನ ಲೈಬ್ರರಿಯಿಂದ. ಡೇಟಾಬೇಸ್‌ಗೆ ಬರುವುದು ಸಿದ್ಧವಾದ ಹ್ಯಾಶ್, ಅದೂ ಬೈಂಡ್ ಪ್ಯಾರಾಮೀಟರ್ ಆಗಿ (ಕ್ವೆರಿಯ ಪಠ್ಯದೊಳಗೆ ಬರೆಯದೆ ಬೇರೆಯಾಗಿ ಕೊಡುವ ಮೌಲ್ಯ). ಕಾಲಂ ಹೆಸರನ್ನು ಪಾಸ್‌ವರ್ಡ್ ಹ್ಯಾಶ್ ಎಂದು ಬದಲಿಸಿ, ವಿಧ ಟೆಕ್ಸ್ಟ್ ಮಾಡಿದೆ. ಬಿಕ್ರಿಪ್ಟ್‌ಗೆ 60 ಅಕ್ಷರ ಸಾಕು, ಆರ್ಗಾನ್2ಗೆ ಜಾಸ್ತಿ ಬೇಕು. ಸಾಲ್ಟ್‌ಗೆ ಬೇರೆ ಕಾಲಂ ಬೇಡ. ಸಾಲ್ಟ್, ಕಾಸ್ಟ್ ಎಲ್ಲ ಆ ಅಕ್ಷರಸಾಲಿನೊಳಗೇ ಇರುತ್ತವೆ. ಇದನ್ನು ಮಾತ್ರ ಕೋಡ್‌ನೊಳಗೇ ಕಾಮೆಂಟ್ ಆಗಿ ಬರೆದೆ, ಕಾಪಿ ಆದರೂ ಜೊತೆಗೇ ಹೋಗಲಿ ಅಂತ.

ಈಗ ಒಂದೇ ಉದಾಹರಣೆಯಲ್ಲಿ ಪಾಸ್‌ವರ್ಡ್, ಎಂಡಿ5 ಎರಡೂ ಕಂಡರೆ ಕೈಪಿಡಿಯ ಬಿಲ್ಡ್ (ಮೂಲ ಫೈಲ್‌ಗಳಿಂದ ಪುಟ ತಯಾರಿಸುವ ಹಂತ) ನಿಲ್ಲುವಂತೆ ಪುಟ್ಟ ಸ್ಕ್ರಿಪ್ಟ್ ಹಾಕಿದ್ದೇನೆ. ಮೊದಲ ದಿನವೇ ಅದು ನಿಲ್ಲಿಸಿತು. ನಾನು ಹುಡುಕದೆ ಬಿಟ್ಟಿದ್ದ ಹಳೇ ಪಿಡಿಎಫ್‌ನ ಮೂಲ ಫೈಲ್ ಅದು.